ಕ್ಯಾಸೆಟ್ಟು ವೈದ್ಯರು

ಕ್ಯಾಸೆಟ್ಟು ವೈದ್ಯರ ಎದುರು ಊದುವ ಮಾತೆತ್ತಬಾರದು. ತೊಂಬತ್ತರ ದಶಕದ ಬೇಸಿಗೆ ರಜೆಯಲ್ಲಿ ಟೀವಿ ಗೇಮ್ ಆಡಿದ ನಮ್ಮಂಥವರಿಗೆ ಗೊತ್ತಿದ್ದುದು ಒಂದೇ ಚಿಕಿತ್ಸೆ. ಮಾರಿಯೋ ಬರಲಿಲ್ಲವೋ, ಕ್ಯಾಸೆಟ್ಟು ಕಿತ್ತು, ಅದರ ಬಾಯಿಗೆ ಬಾಯಿಟ್ಟು ಉಫ್ ಎಂದು ಊದಿ, ಮತ್ತೆ ಸಿಕ್ಕಿಸುವುದು. ಇದನ್ನು ಹೇಳಿದಿರೋ, ವೈದ್ಯರ ಮುಖ ಕಪ್ಪಿಡುತ್ತದೆ.

"ಓಡಿದ್ದು ನಿಮ್ಮ ಉಸಿರಿನಿಂದಲ್ಲ ಸ್ವಾಮಿ, ತೆಗೆದು ಹಾಕಿದ್ದರಿಂದ. ಪಿನ್ನು ಹೊಸದಾಗಿ ಕೂತಿತು, ಅಷ್ಟೇ. ನಿಮ್ಮ ಓಣಿ ಹುಡುಗರ ಎಂಜಲಿನ ತೇವಕ್ಕೆ ಕಿಲುಬು ಹಿಡಿದಿದೆ. ಈಗ ಒರೆಸುತ್ತಿರುವವನು ನಾನು!"

ಇವರಿಗೆ ವಯಸ್ಸು ನಲವತ್ತರ ಆಚೀಚೆ. ಹಗಲು ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರು, ರಾತ್ರಿ ಊಟವಾದ ಮೇಲೆ ವೈದ್ಯವೃತ್ತಿ. ಭಾನುವಾರ ಬೆಳಿಗ್ಗೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ, ಉಳಿದ ರಜೆಗಳಲ್ಲಿ ಎಸ್.ಪಿ. ರಸ್ತೆಯಲ್ಲಿ ಕಾಣಸಿಗುತ್ತಾರೆ. ನೆಲದ ಮೇಲೆ ಹರಡಿದ ಗುಜರಿಯಲ್ಲಿ ಕನ್ಸೋಲ್ ಕಂಡ ಕೂಡಲೇ ಪಕ್ಕದ ಮಿಕ್ಸಿ ಜಾರಿನ ಬೆಲೆ ಕೇಳುವುದು ಅವರ ರಾಜತಂತ್ರ. ವ್ಯಾಪಾರಿಗೆ ಇದೆಲ್ಲ ಗೊತ್ತು. ಕೊನೆಗೆ ವೈದ್ಯರು ಅವನು ಹೇಳಿದ ಬೆಲೆ ಕೊಟ್ಟು ಕನ್ಸೋಲನ್ನೂ ತರುತ್ತಾರೆ, ಜಾರನ್ನೂ ತರುತ್ತಾರೆ.

ಔಷಧಿ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್. ಬೇಗ ಆರುತ್ತದೆ, ನೀರಿನಂಶ ಉಳಿಯುವುದಿಲ್ಲ. ಆದರೆ "ಆಲ್ಕೋಹಾಲ್ ಬಂತಾ? ಎರಡು ಲೀಟರ್ ಹೇಳಿದ್ದೆ" ಎಂದು ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಿಂತು ಫೋನಿನಲ್ಲಿ ಕೂಗಿದರೆ ಅಕ್ಕಪಕ್ಕದವರು ಏನು ತಿಳಿಯಬೇಕು? ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ ಪಿನ್ನುಗಳ ಮೇಲೆ ಉಜ್ಜಿದಾಗ ಏಳುವ ಕಪ್ಪನ್ನು ಬಂದವರ ಮೂಗಿನ ಹತ್ತಿರ ಹಿಡಿದು ತೋರಿಸುತ್ತಾರೆ. ನಾವು "ಅಬ್ಬಾ" ಎನ್ನಬೇಕು. ಎನ್ನದಿದ್ದರೆ ಇನ್ನೊಂದು ಕಡ್ಡಿ ತೆಗೆಯುತ್ತಾರೆ.

ಹಳದಿಗಟ್ಟಿದ ಪ್ಲಾಸ್ಟಿಕ್ಕಿನ ಚಿಕಿತ್ಸೆ ಬೇರೆ. ಬೆಂಕಿ ತಗಲದಿರಲೆಂದು ಆ ಕಾಲದ ಪ್ಲಾಸ್ಟಿಕ್ಕಿಗೆ ಬ್ರೋಮಿನ್ ಸಂಯುಕ್ತ ಬೆರೆಸುತ್ತಿದ್ದರು, ಬಿಸಿಲು ಬಿದ್ದು ಬಣ್ಣ ಕೆಡಲು ಅದೂ ಒಂದು ಕಾರಣ ಎಂದು ಪಾಠ ಶುರುವಾಗುತ್ತದೆ. ಬಿಳಿ ಮಾಡಲು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಡಬೇಕು. ಅದು ಕ್ರೀಮಿನ ರೂಪದಲ್ಲಿ ಸಿಗುವುದು ಕೂದಲಿಗೆ ಬಣ್ಣ ಹಚ್ಚುವ ಸಾಮಾನಿನ ಅಂಗಡಿಯಲ್ಲಿ. ನಮ್ಮ ವೈದ್ಯರ ತಲೆಯೋ ನುಣ್ಣಗೆ ಬೋಳು. ಡಬ್ಬಿಗಟ್ಟಲೆ ಕ್ರೀಮು ಕೊಳ್ಳುವ ಈ ಮನುಷ್ಯನನ್ನು ಅಂಗಡಿಯ ಹುಡುಗಿ ಕರುಣೆಯಿಂದ ನೋಡುತ್ತಾಳಂತೆ. ಆಮೇಲೆ ತಾರಸಿಯಲ್ಲಿ ಅತ್ತೆಯವರ ಸಂಡಿಗೆ ಒಂದು ಕಡೆ, ಅಳಿಯನ ಕನ್ಸೋಲ್ ಇನ್ನೊಂದು ಕಡೆ ಒಣಗುತ್ತವೆ. ಕಾಗೆ ಓಡಿಸುವುದಕ್ಕೆ ಮಾತ್ರ ಇಬ್ಬರಿಗೂ ಒಪ್ಪಂದವಿದೆ. ಕೆಲವು ವರ್ಷಗಳಲ್ಲಿ ಹಳದಿ ಮರಳಿ ಬರುವುದೂ ಉಂಟು. ಆಗ ಸಂಡಿಗೆಯಾದರೂ ತಿಂದು ಮುಗಿದಿರುತ್ತದೆ.

ಇಷ್ಟೆಲ್ಲ ಆರೈಕೆ ಪಡೆಯುವ ರೋಗಿ ಯಾವುದು ಎನ್ನುತ್ತೀರಿ? ಜಪಾನಿನ ನಿಂಟೆಂಡೊ 1983ರಲ್ಲಿ ಹೊರತಂದ ಫ್ಯಾಮಿಕಾಂನ ನಕಲು. ನಮ್ಮ ಮನೆಗಳಿಗೆ ಬಂದದ್ದು ಬಹುಪಾಲು ಅದೇ. ಕ್ಯಾಸೆಟ್ಟಿನ ಮೇಲೆ '9999 ಇನ್ 1' ಎಂದು ಬರೆದಿರುತ್ತದೆ, ಒಳಗೆ ಬೆರಳೆಣಿಕೆಯ ಆಟಗಳೇ ವೇಷ ಬದಲಿಸಿ ಮತ್ತೆ ಮತ್ತೆ ಬರುತ್ತವೆ. ನಿಂಟೆಂಡೊದ ಅಸಲಿ ಕ್ಯಾಸೆಟ್ಟು ಬಿಚ್ಚಲು 3.8 ಮಿಲಿಮೀಟರಿನ ವಿಶೇಷ ಬಿಟ್ ಬೇಕು. ವೈದ್ಯರು ಅದನ್ನು ಪರದೇಶದಿಂದ ತರಿಸಿ ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ನಮ್ಮ ನಕಲಿಯೋ ಮನೆಯ ಸ್ಕ್ರೂಡ್ರೈವರಿಗೇ ಬಾಯಿ ತೆರೆಯುತ್ತದೆ. "ಛೆ, ಘನತೆಯೇ ಇಲ್ಲ" ಎಂದು ಅವರಿಗೆ ಬೇಸರ. ಒಳಗೆ ಚಿಪ್ಪಿನ ಮೇಲೆ ಕಪ್ಪು ರಾಳದ ಹನಿ ಸುರಿದಿರುತ್ತದೆ. ಅದರೊಳಗೇನಾದರೂ ಸತ್ತಿದ್ದರೆ ಯಾವ ವೈದ್ಯನೂ ಏನೂ ಮಾಡಲಾರ. ಆ ರಾತ್ರಿ ಅವರು ಬರೀ ಮೊಸರನ್ನ ಉಣ್ಣುತ್ತಾರೆ.

ಹಾಲಿನ ಅರ್ಧ ಜಾಗ ನುಂಗಿರುವ ಡಬ್ಬಾ ಟೀವಿಗೂ ಕಾರಣವಿದೆ. ಬಾತುಕೋಳಿ ಹೊಡೆಯುವ ಬಂದೂಕು ಹೊಸ ಚಪ್ಪಟೆ ಟೀವಿಯಲ್ಲಿ ನಡೆಯುವುದಿಲ್ಲ. ಕುದುರೆ ಒತ್ತಿದ ಗಳಿಗೆಯಲ್ಲಿ ಪರದೆ ಕಪ್ಪಾಗಿ, ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಮೂಡಿ, ಆ ಬೆಳಕನ್ನು ಬಂದೂಕು ಹಿಡಿಯಬೇಕು. ಹೊಸ ಟೀವಿ ಚಿತ್ರ ತೋರಿಸುವುದರಲ್ಲಿ ತುಸು ತಡಮಾಡುತ್ತದೆ. ಸೋಫಾ ಬಾಲ್ಕನಿಗೆ ಹೋದದ್ದು ಹೀಗೆ.

ದುರಸ್ತಿಯಾದ ಯಂತ್ರ ಹೊತ್ತಿ, ಮಾರಿಯೋ ತೆರೆಯ ಮೇಲೆ ಬಂದರೆ ವೈದ್ಯರು ಕಣ್ಣುಮುಚ್ಚಿ ಸಂಗೀತ ಕೇಳುತ್ತಾರೆ, ತಲೆದೂಗುತ್ತಾರೆ, ಆರಿಸಿಬಿಡುತ್ತಾರೆ. ಆಡುವುದಿಲ್ಲ! ಮಗ ಆಡುತ್ತೇನೆಂದರೆ "ಕೈ ತೊಳೆದು ಬಾ" ಎಂದು ಕಳಿಸುತ್ತಾರೆ. ಅವನು ತೊಳೆದು ಬರುವಷ್ಟರಲ್ಲಿ ಏನೋ ಸಂಶಯ ಬಂದು ಮತ್ತೆ ಬಿಚ್ಚಿ ಹರವಿರುತ್ತಾರೆ.

ನೀವು ಮಕ್ಕಳನ್ನು ಕರೆದುಕೊಂಡು ಅವರ ಮನೆಗೆ ಹೋಗುವುದಾದರೆ ವೈದ್ಯರು ಆಫೀಸಿಗೆ ಹೋದ ಹೊತ್ತು ನೋಡಿ ಹೋಗಿ. ಅವರ ಮನೆಯವರು ಧಾರಾಳವಾಗಿ ಆಡಲು ಬಿಡುತ್ತಾರೆ. ಆಕೆ ಕಾಂಟ್ರಾದ ಎಂಟೂ ಹಂತ ಮುಗಿಸಿದ್ದಾರೆ.