‘ಬರ್ಮಾ ಅಲ್ಲೋ ತಮ್ಮಾ, ತಿಂಥಣಿ ಬ್ರಿಜ್!’

ರಾಯಚೂರಿನ ಗಂಜ್ ಕಡೆಯ ಒಂದು ಗ್ಯಾರೇಜು. ನಡುಮಧ್ಯಾಹ್ನ. ಬಾನೆಟ್ ಬಿಚ್ಚಿಸಿಕೊಂಡು ನಿಂತಿರುವ ಜೀಪಿಗೆ ಹೊಸದಾಗಿ ಮಿಲಿಟರಿ ಹಸಿರು ಬಳಿದಿದ್ದಾರೆ. ಪಕ್ಕದಲ್ಲಿ ಬಿಳಿ ನಕ್ಷತ್ರ, ಅದರ ಕೆಳಗೆ ‘1942’. ಎರಡನೇ ಮಹಾಯುದ್ಧದಲ್ಲಿ ಓಡಿದ ಅಮೆರಿಕನ್ ಕ್ಲಾಸಿಕ್ ಇದು, ಮಗನ ಮದುವೆ ಮೆರವಣಿಗೆಗೆ ತಯಾರಾಗುತ್ತಿದೆ ಎಂದು ಮಾಲೀಕರು ಎದೆಯುಬ್ಬಿಸಿ ಹೇಳಿ ಚಹಾ ಕುಡಿಯಲು ಹೋದರು. ಆ ಸಂದಿನಲ್ಲಿ ಜೀಪನ್ನೇ ಮಾತಾಡಿಸಿದ್ದಾಯಿತು. ಸಂದರ್ಶನ ಕಾಲ್ಪನಿಕ. ಮೇ ತಿಂಗಳ ಬಿಸಿಲು ಮಾತ್ರ ಖರೇ.

ಪ್ರಶ್ನೆ: ಅಜ್ಜಾರೆ, ನಮಸ್ಕಾರ. ಯುದ್ಧದ ನೆನಪುಗಳಿಂದಲೇ ಶುರು ಮಾಡೋಣವೇ? ನಾರ್ಮಂಡಿ, ಬರ್ಮಾ…

ಜೀಪು: ಯಾವ ಬರ್ಮಾನೋ ತಮ್ಮಾ? ಈ ಕಡಿ ತಿಂಥಣಿ ಬ್ರಿಜ್, ಆ ಕಡಿ ಸಿಂಧನೂರು, ಅಷ್ಟ ನನ್ನ ಲೋಕ. ನಾ ಹುಟ್ಟಿದ್ದು ಬೊಂಬಾಯ್ದಾಗ, 1965ರಾಗ. ಯುದ್ಧ ಮುಗಿದು ಇಪ್ಪತ್ತು ವರ್ಷ ಆಗಿತ್ತು. ಆ 1942 ಹೋದ ವಾರ ಪೇಂಟರ್ ಬರದದ್ದು. ಅಂಕಿ ಬರಿಯಾಕ ಬ್ಯಾರೆ ರೊಕ್ಕ ಇಸ್ಗೊಂಡಾನ.

ಪ್ರಶ್ನೆ: ಹಾಗಾದರೆ ಅಮೆರಿಕದ ಸಂಬಂಧವೇ ಇಲ್ಲವೇ?

ಜೀಪು: ವಂಶ ಅಮೆರಿಕದ್ದ, ಇಲ್ಲ ಅನ್ನಂಗಿಲ್ಲ. 1940ರಾಗ ಅಲ್ಲಿ ಸೈನ್ಯದವ್ರು ಟೆಂಡರ್ ಕರದ್ರು. ಗಾಡಿ ಹಗುರ ಇರಬೇಕು, ನಾಕೂ ಗಾಲಿ ಎಳೀಬೇಕು, ಮೊದಲ ಮಾದರಿ 49 ದಿನದಾಗ ತಂದು ನಿಲ್ಲಿಸಬೇಕು. ಒಪ್ಪಿದ್ದು ಬ್ಯಾಂಟಮ್ ಅನ್ನೋ ಒಂದು ಬಡ ಕಂಪನಿ. ಕಾರ್ಲ್ ಪ್ರಾಬ್ಸ್ಟ್ ಅನ್ನೋ ಇಂಜಿನಿಯರ್ ಎರಡ ದಿನದಾಗ ನಕ್ಷೆ ಬರದ. ಗಾಡಿನೂ ಗಡುವಿನೊಳಗ ಬಂತು. ಆಮ್ಯಾಲ ಏನಾತು? ‘ನೀ ಸಣ್ಣಾಂವ, ನಿನ್ನ ಕೈಲೆ ಅಷ್ಟು ಗಾಡಿ ಮಾಡಾಕ ಆಗಂಗಿಲ್ಲ’ ಅಂತ ಅದ ನಕ್ಷೆ ವಿಲ್ಲಿಸ್‌ನವ್ರಿಗೂ ಫೋರ್ಡ್‌ನವ್ರಿಗೂ ತೋರಿಸಿದ್ರು. ಯುದ್ಧ ಮುಗಿಯೋದ್ರಾಗ ಅವರಿಬ್ರೂ ಕೂಡಿ ಆರು ಲಕ್ಷಕ್ಕೂ ಹೆಚ್ಚು ಜೀಪ್ ಮಾಡಿದ್ರು. ಬ್ಯಾಂಟಮ್‌ಗೆ ಸಿಕ್ಕಿದ್ದು ಹಿಂದ ಕಟ್ಟೋ ಟ್ರೇಲರ್ ಮಾಡೋ ಕೆಲಸ. ದುಡದಾಂವ ಒಬ್ಬ, ಬಿಲ್ ಎತ್ತಿದವ್ರು ಇಬ್ರು. ನಮ್ಮ ಕಡಿ ಸಬ್ ಕಂಟ್ರಾಕ್ಟರ್‌ಗಳಿಗೆ ಇದನ್ನ ಬಿಡಿಸಿ ಹೇಳೋದೇನೂ ಬ್ಯಾಡ.

ಪ್ರಶ್ನೆ: ವಿಲ್ಲಿಸ್ ಕಂಪನಿ ಈಗಲೂ ಇದೆಯೇ?

ಜೀಪು: 1953ರಾಗ ಕೈಸರ್ ತಗೊಂಡ್ರು. 1970ರಾಗ ಅಮೆರಿಕನ್ ಮೋಟಾರ್ಸ್. 1987ರಾಗ ಕ್ರೈಸ್ಲರ್. ನಡುವ ಜರ್ಮನಿಯವ್ರು, ಆಮ್ಯಾಲ ಇಟಲಿಯ ಫಿಯಟ್, 2021ರಿಂದ ಸ್ಟೆಲಾಂಟಿಸ್, ಅದರ ಹೆಡ್ಡಾಫೀಸು ನೆದರ್‌ಲ್ಯಾಂಡ್ಸ್‌ದಾಗ. ದೇವದುರ್ಗದಾಗ ತಂಟೆ ಇರೋ ಹೊಲದ ಪಹಣ್ಯಾಗೂ ಇಷ್ಟು ಹೆಸರು ಬದಲಾಗಿರಾಕಿಲ್ಲ.

ಇಲ್ಲಿನ ಕಥಿ ಬ್ಯಾರೆ. 1945ರಾಗ ಶುರುವಾದಾಗ ಕಂಪನಿ ಹೆಸರು ಮಹೀಂದ್ರ ಆ್ಯಂಡ್ ಮೊಹಮ್ಮದ್. ದೇಶ ಭಾಗ ಆತು. ಗುಲಾಂ ಮೊಹಮ್ಮದ್ ಸಾಹೇಬ್ರು ಪಾಕಿಸ್ತಾನಕ್ಕ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿ ಆದ್ರು. ಉಳಿದವ್ರು ಮೊಹಮ್ಮದ್ ಇದ್ದಲ್ಲಿ ಇನ್ನೊಂದು ಮಹೀಂದ್ರ ಸೇರಿಸಿದ್ರು. ವಿಲ್ಲಿಸ್ ಸಾಮಾನು ತರಿಸಿ ಬೊಂಬಾಯ್ದಾಗ ಜೋಡಿಸಾಕ ಹತ್ತಿದ್ರು. ಎತ್ತರ ಬಾನೆಟ್ಟಿನ ನಾನು ಆ ಸಾಲಿನಾಂವ.

ಇನ್ನೊಂದು ಕೇಳು. ನನ್ನ ತಮ್ಮ ಒಬ್ಬ, ರಾಕ್ಸರ್ ಅಂತ, 2018ರಾಗ ಅಮೆರಿಕಕ್ಕ ಹೋದ. ಅಲ್ಲಿನವ್ರು ‘ನೀ ಜೀಪ್‌ನಂಗ ಕಾಣಸ್ತಿ’ ಅಂತ ಕೇಸ್ ಹಾಕಿದ್ರು! 2020ರಾಗ ಅಲ್ಲಿನ ವ್ಯಾಪಾರ ಆಯೋಗ ಅವ್ನ ಮಾರಾಟ ನಿಲ್ಲಿಸ್ತು. ಮಾರಿ ಬದಲಿ ಮಾಡ್ಕೊಂಡು ಮತ್ತ ಹೊಂಟ. ಮೊಮ್ಮಗ ಅಜ್ಜನ ಹೋಲ್ತಾನ ಅಂತ ಶಿಕ್ಷಾ ಕೊಟ್ಟದ್ದು ನಾ ಕೇಳಿದ್ದು ಅದ ಮೊದಲು.

ಪ್ರಶ್ನೆ: ನಿಮ್ಮ ಮಾಲೀಕರು ಅಂಬಾಸಿಡರ್ ಕೂಡ ಅಮೆರಿಕನ್ ಕ್ಲಾಸಿಕ್ ಎಂದರು.

ಜೀಪು: ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಪದ್ಮಿನಿ ಅಂದ್ರ ಇಟಲಿ ಫಿಯಟ್. ಹಳೇದು, ಭಾರ ಐತಿ, ಎಣ್ಣಿ ಭಾಳ ಕುಡೀತದ ಅಂದ್ರ ಸಾಕು, ನಮ್ಮ ಮಂದಿ ಅಮೆರಿಕಕ್ಕ ಬರದುಬಿಡ್ತಾರ. ಖರೇ ಅಮೆರಿಕದವ್ರು ಅಂದ್ರ ಷೆವರ್ಲೆ, ಡಾಜ್, ಪ್ಲಿಮತ್, ಸ್ಟೂಡಿಬೇಕರ್. ಜನರಲ್ ಮೋಟಾರ್ಸ್ 1928ರಿಂದ ಬೊಂಬಾಯ್ದಾಗ ಷೆವರ್ಲೆ ಜೋಡಸ್ತಿತ್ತು. ‘ಬರೇ ಜೋಡಿಸಿದ್ರ ನಡಿಯಂಗಿಲ್ಲ, ಇಲ್ಲೇ ತಯಾರಿಸ್ರಿ’ ಅಂತ ಸರ್ಕಾರ ಪಟ್ಟು ಹಿಡೀತು, 1954ರಾಗ ಅವ್ರೂ ಫೋರ್ಡ್‌ನವ್ರೂ ಗಂಟು ಕಟ್ಟಿದ್ರು. ಡಾಜ್, ಪ್ಲಿಮತ್ ಮಾಡಿದ್ದು ವಾಲಚಂದ್ ಹೀರಾಚಂದರ ಪ್ರೀಮಿಯರ್ ಕಂಪನಿ. ಅವ್ರದ ಫಾರ್ಗೋ ಲಾರಿ. ಇದ ಗಂಜ್‌ನಾಗ ಹತ್ತಿ ಅಂಡಿಗಿ ಹೇರ್ಕೊಂಡು ನಿಂತದ್ದನ್ನ ನಾನ ನೋಡೀನಿ.

ಪ್ರಶ್ನೆ: ನಮ್ಮ ರಾಜ್ಯದಲ್ಲಿ ಕಾರುಗಳು ತಯಾರಾಗಲಿಲ್ಲವೇಕೆ?

ಜೀಪು: ಆಗಬೇಕಾಗಿತ್ತೋ! ವಿಶ್ವೇಶ್ವರಯ್ಯನವ್ರು ದಿವಾನಗಿರಿ ಬಿಟ್ಟಮ್ಯಾಲ ಹಿಡಿದ ಹಟ ಇದು. ಎಪ್ಪತ್ತು ದಾಟಿದ ವಯಸ್ಸಿನಾಗ ಯುರೋಪು, ಅಮೆರಿಕ ತಿರುಗಿ ಕಾರ್ಖಾನಿಗೆ ಪೂರ್ತಿ ಯೋಜನಾ ಬರದ್ರು. ವಾಲಚಂದ್ ಕೈ ಜೋಡಿಸಿದ್ರು. ಕ್ರೈಸ್ಲರ್ ಜೋಡಿ ಮಾತಾತು. ಮೈಸೂರು ಸರ್ಕಾರ ಬೆಂಗಳೂರಿನಾಗ ಜಾಗ ಕೊಡಾಕ ತಯಾರಿತ್ತು. ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕ್ತು. ಅದ ವಾಲಚಂದ್ 1940ರಾಗ ಬೆಂಗಳೂರಿನಾಗ ವಿಮಾನದ ಕಾರ್ಖಾನಿ ತೆಗದ್ರು, ಈಗಿನ ಎಚ್‌ಎಎಲ್. ಯುದ್ಧ ಇತ್ತು ನೋಡು, ವಿಮಾನ ಬೇಕಾಗಿತ್ತು. ಕಾರು ಬ್ಯಾಡಾಗಿತ್ತು. ಇದನ್ನ ಶಾಲಿ ಪುಸ್ತಕದಾಗ ಹಾಕಂಗಿಲ್ಲ, ಕನ್ನಂಬಾಡಿ ಗೇಟು ಹಾಕಿ ಮುಗಿಸ್ತಾರ.

ಪ್ರಶ್ನೆ: ನಿಮ್ಮ ಕುಲದ ಮೇಲೆ ಹಗರಣದ ಕಲೆಯೂ ಇದೆಯಲ್ಲ?

ಜೀಪು: ಇದ್ರಾಗ ನನಗ ಸ್ವಲ್ಪ ಹೆಮ್ಮಿನ ಐತಿ. ಸ್ವತಂತ್ರ ಭಾರತದ ಮೊದಲ ಹಗರಣ ನಮ್ಮ ಹೆಸರಿನ್ಯಾಗ! 1948ರಾಗ ಕಾಶ್ಮೀರಕ್ಕ ಅಂತ ಲಂಡನ್ನಿನಿಂದ ಕೃಷ್ಣ ಮೆನನ್ ಸಾಹೇಬ್ರು 2000 ಹಳೆ ಜೀಪ್‌ಗೆ ಆರ್ಡರ್ ಕೊಟ್ರು. ಬಂದದ್ದು 155. ಅವೂ ಉಪಯೋಗಕ್ಕ ಬರಲಿಲ್ಲ. 1955ರಾಗ ಕಡತ ಮುಚ್ಚಿದ್ರು. ಈಗಿನ ಹಗರಣದ ಅಂಕಿ ಓದಿದ್ರ ನಮ್ಮದು ಚಿಲ್ಲರ.

ಪ್ರಶ್ನೆ: ನೀವು ದುಡಿದ ದೇವದುರ್ಗದ ದಿನಗಳಿಗೆ ಬರೋಣ. ಜನ ನಿಮ್ಮನ್ನು ಎಷ್ಟು ಪ್ರೀತಿಯಿಂದ ನೆನೆಯುತ್ತಾರೆ!

ಜೀಪು: ಯಾವ ಮಂದಿ? ಒಳಗ ಕುಂತವ್ರೋ, ಧೂಳು ಕುಡದವ್ರೋ? ನಾ ಅಲ್ಲಿನ ಬ್ಲಾಕ್ ಆಫೀಸಿನ ಗಾಡಿ. ಹಿಂದ ದೊಡ್ಡಕ್ಷರದಾಗ ‘ಲೆಫ್ಟ್ ಹ್ಯಾಂಡ್ ಡ್ರೈವ್’ ಅಂತ ಬರದಿತ್ತು. ಎಡಕ ಡ್ರೈವರ್, ಬಲಕ ಸಾಹೇಬ್ರು. ಅರಕೇರಾ ಕಡಿ ಹೊಂಟ್ರ ಹುಡುಗ್ರು ಪೆಟ್ರೋಲ್ ವಾಸನಿಗೆ ಅರ್ಧ ಮೈಲು ಬೆನ್ನು ಹತ್ತೋರು. ಅದು ಚಲೋ ನೆನಪು, ಬರ್ಕೊ. ತುರ್ತು ಪರಿಸ್ಥಿತ್ಯಾಗ ಅದ ದಾರಿಲೆ ಹೋದ್ರ ನನ್ನ ಸಪ್ಪಳ ಕೇಳಿ ಗಂಡಸ್ರು ಜೋಳದ ಹೊಲ ಹೊಕ್ಕು ಕೂಡ್ತಿದ್ರು. ಮಕ್ಕಳಾಗದಂಗ ಆಪರೇಷನ್ ಮಾಡಸ್ತಾರ ಅಂತ ಅಂಜಿಕಿ. ಅವ್ರನ್ನ ‘ಹಳೆ ಜೀಪು ನೋಡಿದ್ರ ಖುಷಿ ಆಗ್ತದೇನ್ರಿ’ ಅಂತ ಕೇಳು ಹೋಗು.

ಪ್ರಶ್ನೆ: ನಾಲ್ಕೂ ಗಾಲಿ ಎಳೆಯುವ ಗಾಡಿ ಎಂಥ ಕೆಸರಲ್ಲೂ ನುಗ್ಗುತ್ತದೆ ಎನ್ನುತ್ತಾರೆ.

ಜೀಪು: (ನಗುತ್ತಾ) ಅನ್ನವ್ರು ನಮ್ಮ ಎರಿ ಹೊಲ ನೋಡಿಲ್ಲ. ಬ್ಯಾಸಗ್ಯಾಗ ಕೈ ತೂರೋವಷ್ಟು ಬಿರುಕು, ಒಂದು ಮಳಿ ಬಿದ್ರ ಅಂಟು. ಗಬ್ಬೂರು ದಾಟಿ ಒಳದಾರಿ ಹಿಡಿದ್ವಿ ಅಂದ್ರ ಮಣ್ಣು ಮೊದಲು ಟಾಯರಿನ ಗೆರಿ ತುಂಬತದ. ಗಾಲಿ ನುಣ್ಣಗಾಗತದ. ಆಮ್ಯಾಲ ಗಾಲಿಗೂ ಮಡ್‌ಗಾರ್ಡಿಗೂ ನಡುವ ಸೇರ್ಕೊಂಡು ಗಟ್ಟಿ ಆಗತದ. ಗಾಲಿ ತಿರಗೋದ ನಿಂತು ಹೋಗತದ. ಡ್ರೈವರ್ ಸಣ್ಣ ಗೇರ್ ಎಳದು ನಾಕೂ ಗಾಲಿ ಎಳಿಯೋ ಸ್ಪೆಷಲ್ ಹಾಕ್ದ, ಇಂಜಿನ್ ಒದರ್ತು, ನಾ ಅಲ್ಲೇ. ಕಡೀಕ ಸಾಹೇಬ್ರು ಪ್ಯಾಂಟು ಮಡಚಿ ಇಳದು, ಕುಡುಗೋಲಿಲೆ ಮಣ್ಣು ಕೆತ್ತಿ, ಎತ್ತು ಕಟ್ಟಿ ಎಳಸ್ತಿದ್ರು. ಎಪ್ಪತ್ತು ಕುದುರಿ ಶಕ್ತಿ ಅಂತ ಪುಸ್ತಕದಾಗ ಐತಿ. ಎರಡು ಎತ್ತು ಬೇಕಾದ್ವು.

ಬ್ಯಾಸಗಿ ಬಂದ್ರ ಇನ್ನೊಂದು ರಗಳಿ. ಈ ಬಿಸಿಲಿಗೆ ಪೆಟ್ರೋಲ್ ಪೈಪಿನಾಗ ಹಬಿ ಆಗಿಬಿಡತದ, ಪಂಪಿಗೆ ಎಳ್ಯಾಕ ಆಗಂಗಿಲ್ಲ, ಇಂಜಿನ್ ಬಂದ್. ಡ್ರೈವರ್ ಟಾವೆಲ್ ಹಸಿ ಮಾಡಿ ಪಂಪಿಗೆ ಸುತ್ತಿ, ಬೇವಿನ ಗಿಡದ ಬುಡಕ ಒಂದು ಬೀಡಿ ಸೇದಿ ಮುಗಸೋತನ ಸಾಹೇಬ್ರೂ ಸುಮ್ಮನ ಕೂಡಬೇಕು. ಮತ್ತ ಚಾಲೂ ಮಾಡಾಕ ಹ್ಯಾಂಡಲ್ ಹೊಡೀಬೇಕು. ಹೆಬ್ಬೆರಳು ಹ್ಯಾಂಡಲ್ ಸುತ್ತ ಹಾಕಬಾರ್ದು, ಉಳಿದ ಬೆರಳಿನ ಜೋಡಿನ ಇಡಬೇಕು. ತಿರುಗಿ ಒದ್ರ ಮಣಿಕಟ್ಟು ಮುರದಂಗ. ಇದು ಯಾವ ಸಿನಿಮಾದಾಗೂ ತೋರ್ಸಂಗಿಲ್ಲ.

ಪ್ರಶ್ನೆ: ಆದರೂ ಆಗಿನ ಕಬ್ಬಿಣ ಗಟ್ಟಿ. ಈಗಿನ ಕಾರು ತಗಡು ಎಂಬ ಮಾತಿದೆ.

ಜೀಪು: ಇದೊಂದು ಸುಳ್ಳು ಮಂದಿನ್ನ ಕೊಲ್ತದ. ಅಮೆರಿಕದಾಗ 2009ರಾಗ ಇನ್ಶೂರೆನ್ಸ್‌ನವ್ರ ಸುರಕ್ಷತಾ ಸಂಸ್ಥೆ ಪರೀಕ್ಷೆ ಮಾಡ್ತು. 1959ರ ಷೆವರ್ಲೆ ಬೆಲ್ ಏರ್, 2009ರ ಷೆವರ್ಲೆ ಮಾಲಿಬು, ಎರಡನ್ನೂ ಎದುರಾಬದುರು ಗುದ್ದಿಸಿದ್ರು. ಹಳೇದು ಕಟ್ಟಿಗಿ ಪೆಟಿಗಿ ಒಡದಂಗ ಒಳಗ ಕುಸೀತು. ಅದ್ರಾಗಿನ ಗೊಂಬಿ ಬದಲಿ ಮನಶ್ಯಾ ಇದ್ದಿದ್ರ ಹೋಗೇಬಿಡ್ತಿದ್ದ. ಹೊಸಾದ್ರಾಗ ಕುಂತಾಂವ ಕಾಲು ನೋವು ಅಂತಿದ್ದ, ಅಷ್ಟ. ಹೊಸ ಗಾಡಿ ಮುಂದ ಮುದ್ದಿ ಆಗೋದು ಒಳಗಿನವ್ನ ಉಳಿಸಾಕ. ನನಗ ಬಾಗಿಲಿಲ್ಲ, ಬೆಲ್ಟಿಲ್ಲ, ಗುದ್ದಿದ್ರ ಸ್ಟೀರಿಂಗ್ ರಾಡು ನೆಟ್ಟಗ ಎದಿಗೆ.

ಪ್ರಶ್ನೆ: ಬ್ಲಾಕ್ ಆಫೀಸಿನಿಂದ ಮಾನ್ವಿಗೆ ಹೋದದ್ದು ಹೇಗೆ?

ಜೀಪು: ಹರಾಜಿನಾಗ. ಒಬ್ಬ ಸಾವ್ಕಾರ ಹಿಡದ. ಪೆಟ್ರೋಲ್ ತುಟ್ಟಿ ಅಂತ ಇಂಜಿನ್ ಕಿತ್ತಿ ಪ್ಯೂಜೋ ಡೀಸೆಲ್ ಇಂಜಿನ್ ಕುಂದ್ರಿಸಿದ. ಹಿಂಗ ನನ್ನ ಗುಂಡಿಗಿ ಫ್ರಾನ್ಸಿಂದಾತು. ರಾಯಚೂರು–ಮಾನ್ವಿ ಟ್ರಿಪ್ ಶುರುವಾತು. ಕಲ್ಲೂರು ಬರೋದ್ರಾಗ ಒಳಗ ಹದಿನೆಂಟು, ಹಿಂದಿನ ಫಳಿ ಮ್ಯಾಲ ನಾಕು, ಬಾನೆಟ್ ಮ್ಯಾಲ ಇಬ್ರು. ಡ್ರೈವರ್ ಅರ್ಧ ಮೈ ಹೊರಗ ಹಾಕಿ, ಒಂದು ಕುಂಡಿ ಸೀಟಿನ ಮ್ಯಾಲ ಊರಿ ಹೊಡೀತಿದ್ದ. ಗೇರ್ ಹಾಕಬೇಕಂದ್ರ ನಡುವಿದ್ದಾಂವ ಮೊಣಕಾಲು ಎತ್ತಬೇಕು. ಈಗ ಇದನ್ನ ‘ಆಹಾ, ಎಂಥ ಕಾಲ’ ಅಂತಾರ. ಬಸ್ ಇದ್ದಿಲ್ಲ, ಅದಕ್ಕ ಹತ್ತಿದ್ರು. ನನ್ನ ಮ್ಯಾಲಿನ ಪ್ರೀತಿಗಲ್ಲ.

ಆ ಕಾಲ ಮುಗದೂ ಇಲ್ಲ. ಹತ್ತಿ ಬಿಡಿಸಾಕ ಹೆಣಮಕ್ಕಳು ಟಂಟಂನಾಗ ಜೋತಾಡ್ಕೊಂಡ ಹೊಕ್ಕಾರ. ಬೆಂಗಳೂರಿಗೆ ಗುಳೆ ಹೊಂಟ್ರ ಕ್ರೂಸರ್ ಟಾಪಿನ ಮ್ಯಾಲ ಗಂಟು, ಗಂಟಿನ ಮ್ಯಾಲ ಮನಶ್ಯಾ. ಇನ್ನ ಮೂವತ್ತು ವರ್ಷಕ್ಕ ಕ್ರೂಸರಿಗೂ ಯಾರೋ ಹಾರ ಹಾಕಿ ಮೆರವಣಿಗಿ ಮಾಡ್ತಾರ, ನೋಡ್ತಿರು.

ಪ್ರಶ್ನೆ: ಈಗಿನ ಈ ಅಲಂಕಾರದ ಬಗ್ಗೆ?

ಜೀಪು: ನನ್ನ ಎತ್ತರ ಬಾನೆಟ್ ಬಿಚ್ಚಿ ಮೂಲಿಗೆ ಒಗದಾರ. ಹರಿಯಾಣದ ಮಂಡಿ ಡಬ್ವಾಲಿಯಿಂದ ಗಿಡ್ಡ ಬಾನೆಟ್ ಲಾರ್‍ಯಾಗ ಬರಾಕತ್ತೈತಂತ. ಅಲ್ಲಿ ಹಿಂಗ ಜೀಪ್ ಕಟ್ಟೋದ ಒಂದು ಧಂದಾ. ಕಂಪನಿ ಮಾಡಿದ ಗಾಡಿ ರೂಪ ಹಿಂಗೆಲ್ಲ ಬದಲಿ ಮಾಡಬಾರ್ದು ಅಂತ 2019ರಾಗ ಸುಪ್ರೀಂ ಕೋರ್ಟ್ ಹೇಳೈತಿ. ಮಾಲೀಕಗ ಹೇಳಿದ್ರ, ‘ಮದುವಿ ಮುಗೀಲಿ, ನೋಡೂಣು’ ಅಂದ.

ಸಿಟ್ಟು ಬರೋದು ಅದಕ್ಕಲ್ಲ. ನಾಕು ದಶಕ ಈ ಜಿಲ್ಲಾದಾಗ ದುಡದೀನಿ. ಮಲೇರಿಯಾ ಪುಡಿ ಹೊತ್ತೀನಿ, ಮತಪೆಟಿಗಿ ಹೊತ್ತೀನಿ, ಹೆರಿಗಿ ನೋವಿನಾಗಿದ್ದ ಹೆಣಮಗಳನ್ನ ರಾತ್ರೋರಾತ್ರಿ ರಾಯಚೂರಿಗೆ ಮುಟ್ಟಿಸೀನಿ. ಅದನ್ನೆಲ್ಲ ಹಸಿರು ಬಣ್ಣದಾಗ ಮುಚ್ಚಿ, ನಾ ಕಾಣದ ಯುದ್ಧ ನನ್ನ ಮೈಮ್ಯಾಲ ಬರದಾರ. ದೇವದುರ್ಗದ ಜೀಪು ಅಂದ್ರ ಮಾನ ಕಮ್ಮಿ, ನಾರ್ಮಂಡಿ ಅಂದ್ರ ಹೆಚ್ಚು!

ಪ್ರಶ್ನೆ: ಕೊನೆಯದಾಗಿ ಓದುಗರಿಗೆ ಏನಾದರೂ?

ಜೀಪು: ಹಳೆ ಗಾಡಿ ಕಥಿ ಬೇಕಂದ್ರ ಮಾಲೀಕ್ರನ್ನ ಕೇಳಬ್ಯಾಡ್ರಿ. ಬ್ಲಾಕ್ ಆಫೀಸು, ಆಸ್ಪತ್ರಿ, ಕಾಲುವಿ ಇಲಾಖೆ ಜೀಪು ಹೊಡದು ರಿಟೈರ್ ಆದ ಡ್ರೈವರ್‌ಗಳು ರಾಯಚೂರು, ದೇವದುರ್ಗ, ಮಾನ್ವಿ ಓಣ್ಯಾಗ ಇನ್ನೂ ಅದಾರ. ಭಾಳ ಮಂದಿ ಎಂಬತ್ತು ದಾಟ್ಯಾರ. ಹೋಗಿ ಕುಂತು ಬರ್ಕೊಳ್ರಿ, ಈ ವರ್ಷನ ಬರ್ಕೊಳ್ರಿ.