ಕೈ ತೊಳ್ಕೊಂಡ್ರಾ?

ನಮ್ಮೂರ ಅಂಗನವಾಡಿಗೆ ಹೊಸ ಕಟ್ಟಡವಾದಾಗ ಶಾಸಕರು ಟೇಪು ಕತ್ತರಿಸಲು ಬಂದಿದ್ದರು. ಹಾರ, ಶಾಲು, ಮೈಸೂರು ಪೇಟ, ಭಾಷಣ ಎಲ್ಲ ಮುಗಿಯಿತು. ಮಕ್ಕಳಿಗೆ ಸಿಹಿ ಹಂಚಲಿ ಎಂದು ಯಾರೋ ಲಾಡಿನ ತಟ್ಟೆ ಮುಂದೆ ಹಿಡಿದರು. ಶಾಸಕರು ಕೈ ಚಾಚಿದರು.

“ಸಾರ್, ಕೈ ತೊಳ್ಕೊಂಡ್ರಾ?”

ಸಭೆ ಗಪ್‌ಚಿಪ್. ಗನ್‌ಮ್ಯಾನ್ ಕೂಡ ತನ್ನ ಕೈ ನೋಡಿಕೊಂಡ. ಶಾಸಕರು ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ಎಳೆದುಕೊಂಡು ನಲ್ಲಿಯ ಕಡೆ ನಡೆದರು. ಸೋಪು ಹಚ್ಚಿಕೊಳ್ಳುವಾಗ ಹದಿನೆಂಟು ಮಕ್ಕಳು ಸುತ್ತ ನಿಂತು, “ಬೆರಳ ಸಂದೀಲೂ ಉಜ್ಬೇಕು” ಎಂದು ಒಕ್ಕೊರಲಿನಿಂದ ಮಾರ್ಗದರ್ಶನ ಮಾಡಿದವು.

ಕೇಳಿದವರು ನಮ್ಮ ಟೀಚರಮ್ಮ. ಸರ್ಕಾರದ ಕಾಗದದಲ್ಲಿ ಅವರು ‘ಅಂಗನವಾಡಿ ಕಾರ್ಯಕರ್ತೆ’. ಊರವರ ಬಾಯಲ್ಲಿ ಟೀಚರಮ್ಮ. ಎಪ್ಪತ್ತು ದಾಟಿದವರ ಬಾಯಲ್ಲಿ ಇನ್ನೂ ‘ಬಾಲವಾಡಿ ಮೇಡಮ್ಮ’. ಮಕ್ಕಳ ಬಾಯಲ್ಲಿ ಸಾಮಾನ್ಯವಾಗಿ ಉಪ್ಪಿಟ್ಟು ಇರುವುದರಿಂದ ಅವರು ಏನೆಂದು ಕರೆಯುತ್ತಾರೋ ಸ್ಪಷ್ಟವಾಗುವುದಿಲ್ಲ.

ಶಾಸಕರನ್ನು ಹಾಗೆ ಕೇಳಬಹುದೇ ಎಂದು ಆಮೇಲೆ ಯಾರೋ ಆಕ್ಷೇಪಿಸಿದಾಗ ಟೀಚರಮ್ಮನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರ ಲೆಕ್ಕದಲ್ಲಿ ಮನುಷ್ಯರು ಎರಡೇ ಬಗೆ. ಆರು ವರ್ಷ ತುಂಬದವರು ಒಂದು ಬಗೆ. ತುಂಬಿದೆ ಎಂದು ಸುಮ್ಮನೆ ಅಂದುಕೊಂಡವರು ಇನ್ನೊಂದು ಬಗೆ.

ಈ ಧೈರ್ಯಕ್ಕೆ ಕಾರಣವಿದೆ. ನಮ್ಮೂರಿನಲ್ಲಿ ನಲವತ್ತರ ಕೆಳಗಿನವರನ್ನೆಲ್ಲ ಅವರು ಚಡ್ಡಿ ಇಲ್ಲದೆ ನೋಡಿದ್ದಾರೆ. ಪಂಚಾಯ್ತಿ ಅಧ್ಯಕ್ಷ ಸೀಮೆಸುಣ್ಣ ತಿನ್ನುತ್ತಿದ್ದದ್ದು, ಹಾಲಿನ ಡೇರಿ ಸೆಕ್ರೆಟರಿ ಹಾಲು ಕಂಡರೆ ಅಳುತ್ತಿದ್ದದ್ದು, ಈಗ ಮೈಕ್ ಬಿಡದ ಯುವ ಮುಖಂಡ ನಾಲ್ಕು ವರ್ಷವಾದರೂ ಮಾತಾಡದೆ ಅವರಮ್ಮನನ್ನು ಹೆದರಿಸಿದ್ದು, ಎಲ್ಲವೂ ಅವರ ತಲೆಯೊಳಗೆ ದಾಖಲಾಗಿವೆ. ನಾನೂ ಅವರ ಹಳೇ ಗಿರಾಕಿಯೇ. ಆ ಕಾಲದ ತಕ್ಕಡಿ ತೊಲೆಗೆ ನೇತುಹಾಕುವಂಥದ್ದು. ಮಗುವನ್ನು ಬಟ್ಟೆಯ ಚೀಲಕ್ಕೆ ಇಳಿಬಿಟ್ಟು ಸೋರೆಕಾಯಿಯ ಹಾಗೆ ತೂಗುತ್ತಿದ್ದರು. ಹಾಗೆ ನೇತಾಡಿದವರು ಮುಂದೆ ಎಷ್ಟೇ ಎತ್ತರಕ್ಕೆ ಏರಿದರೂ ಟೀಚರಮ್ಮನ ಕಣ್ಣಿಗೆ ಅಷ್ಟೇ ಎತ್ತರ.

ನಮ್ಮ ಸೀಮೆಯವರಿಗೆ ಈ ವಿಷಯದಲ್ಲಿ ಸ್ವಲ್ಪ ಜಂಬವೂ ಉಂಟು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ಇಡೀ ದೇಶದಲ್ಲಿ 33 ಕಡೆ. ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. “ಗಾಂಧಿ ಜಯಂತಿ ದಿವ್ಸ ಹುಟ್ಟಿದ್ದಲ್ವಾ, ಅದಕ್ಕೇ ನಮಗೂ ಸರಳ ಜೀವನ” ಎನ್ನುತ್ತಾರೆ ಟೀಚರಮ್ಮ. ಅವರಿಗೆ ಬರುವುದನ್ನು ಸಂಬಳ ಎನ್ನಕೂಡದು, ಅದು ಗೌರವಧನ. 2018ರಲ್ಲಿ ಕೇಂದ್ರದ ಲೆಕ್ಕಕ್ಕೆ ತಿಂಗಳಿಗೆ 4,500 ರೂಪಾಯಿ ಎಂದಾಯಿತು, ಅದರ ಮೇಲೆ ರಾಜ್ಯ ತನ್ನದನ್ನು ಸೇರಿಸುತ್ತದೆ. ಎರಡೂ ಒಂದೇ ದಿನ ಖಾತೆಗೆ ಬಿದ್ದರೆ ಅವರ ಮನೆಯಲ್ಲಿ ಪಾಯಸ. ಪಾಯಸ ಮಾಡುವ ಮನೆ ಎಂದು ಅದಕ್ಕೆ ಹೆಸರೇನೂ ಬಂದಿಲ್ಲ.

ಅವರ ಹೆಗಲ ಚೀಲ ನೋಡಬೇಕು. ಅದರಲ್ಲಿ ಯಾರದೋ ತಾಯಿ ಕಾರ್ಡು, ಚಾರ್ಜರು, ಪವರ್ ಬ್ಯಾಂಕು, ಬಟ್ಟೆ ಗೊಂಬೆ, ತೋಳು ಅಳೆಯುವ ಪಟ್ಟಿ, ಮತ್ತು ಎರಡು ದಿನದಿಂದ ವಾರಸುದಾರರಿಲ್ಲದ ಒಂದು ಚಡ್ಡಿ. ಆ ಪಟ್ಟಿಗೆ ಮೂರು ಬಣ್ಣ. ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಕೆಂಪು, 12.5ರವರೆಗೆ ಹಳದಿ, ಅದರ ಮೇಲೆ ಹಸಿರು. ಕೆಂಪು ಬಂದ ಮನೆಗೆ ಟೀಚರಮ್ಮ ದಿನಾ ಹೋಗುತ್ತಾರೆ. ಮಗುವಿನ ತೂಕ ಏರುವವರೆಗೆ ಆ ಮನೆಯವರ ನಿದ್ದೆ ಇಳಿಯುತ್ತದೆ. ಹೋದ ಯುಗಾದಿಗೆ ನಾನು ಬೆಂಗಳೂರಿನಿಂದ ಬಂದಾಗ ಅಭ್ಯಾಸಬಲದಿಂದ ನನ್ನ ತೋಳಿಗೂ ಪಟ್ಟಿ ಸುತ್ತಲು ನೋಡಿದರು. ಸಾಲಲಿಲ್ಲ. “ಹಸಿರಾದ್ಮೇಲೆ ಇದಕ್ಕೆ ಬಣ್ಣ ಇಲ್ಲ ಕಣಪ್ಪ. ನಿಂಗೋಸ್ಕರ ಇಲಾಖೆಗೆ ಬರೀಬೇಕು” ಎಂದು ಪಟ್ಟಿ ಮಡಚಿದರು.

ಇನ್ನು ತರಬೇತಿ. ಟೀಚರಮ್ಮನಷ್ಟು ತರಬೇತಿ ಪಡೆದವರು ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಪೋಷಣ್ ಅಭಿಯಾನ ಬಂದಾಗ 21 ಪಾಠಗಳು. 2021ರಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದಾಗ ಅದಕ್ಕೊಂದು. ಆ್ಯಪ್ ಬದಲಾದಾಗ ಬದಲಾದದ್ದಕ್ಕೊಂದು. ಕಲಿತದ್ದು ಮರೆಯದಿರಲಿ ಎಂದು ಮತ್ತೊಂದು. 2023ರಲ್ಲಿ ‘ಪೋಷಣ್ ಭೀ ಪಢಾಯೀ ಭೀ’ ಎಂಬ ಕಾರ್ಯಕ್ರಮ ಬಂತು. ಪೋಷಣೆಯೂ ಇರಲಿ, ಪಾಠವೂ ಇರಲಿ ಎಂದರ್ಥ. ಅದಕ್ಕೆ ಮೂರು ದಿನದ ತರಬೇತಿ. ಹೆಸರನ್ನು ಉಚ್ಚರಿಸುವುದರಲ್ಲೇ ಮೊದಲ ದಿನದ ಅರ್ಧ ಕಳೆಯಿತಂತೆ.

ತರಬೇತಿ ಕೊಡಲು ಬಂದವನು ಇಪ್ಪತ್ತಾರರ ಹುಡುಗ. ಲ್ಯಾಪ್‌ಟಾಪಿದೆ, ಮದುವೆ ಇನ್ನೂ ಆಗಿಲ್ಲ. ಸಭಾಂಗಣದ ತುಂಬ ಐವತ್ತರ ಆಸುಪಾಸಿನ ಹೆಂಗಸರು. “ಎಲ್ಲರೂ ಈಗ ಮೊಲ ಆಗಿ” ಎಂದ. ಮಂಡಿ ನೋವಿನ ಮೊಲಗಳು ಕುರ್ಚಿ ಹಿಡಿದುಕೊಂಡು ಎದ್ದವು. “ಈಗ ಕುಪ್ಪಳಿಸಿ” ಎಂದ. ಒಂದು ಮೊಲ ಬಿ.ಪಿ. ಮಾತ್ರೆ ನುಂಗಿ ಕುಪ್ಪಳಿಸಿತು. ಆಮೇಲೆ ಮಗು ಹಟ ಹಿಡಿದರೆ ಏನು ಮಾಡಬೇಕು ಎಂಬ ಸ್ಲೈಡು. ಅಷ್ಟರಲ್ಲಿ ಸಭಾಂಗಣದ ಮೂಲೆಯಲ್ಲಿ ಯಾರದೋ ಮಗು ನಿಜವಾಗಿಯೇ ಹಟ ಹಿಡಿದು ಅಳತೊಡಗಿತು. ಹುಡುಗ ಬೆವೆತು, ಮುಂದಿನ ಸ್ಲೈಡಿಗೆ ಹೋದ. ಟೀಚರಮ್ಮ ಕೂತಲ್ಲಿಂದಲೇ ಚೀಲದ ಗೊಂಬೆ ತೆಗೆದು, ಅದರ ಕಿವಿಯಲ್ಲಿ ಏನೋ ಗುಟ್ಟು ಹೇಳಿದರು. ಗೊಂಬೆಗೆ ಹೇಳಿದ್ದೇನು ಎಂದು ತಿಳಿಯಲು ಮಗು ಅಳು ನಿಲ್ಲಿಸಿ ಹತ್ತಿರ ಬಂತು. ಹುಡುಗನೂ ಹತ್ತಿರ ಬಂದ. ಉಳಿದ ಎರಡು ದಿನ ಅವನು ಟೀಚರಮ್ಮನ ಪಕ್ಕದಲ್ಲೇ ಊಟಕ್ಕೆ ಕೂತು ತರಬೇತಿ ಪಡೆದ ಎಂದು ಸುದ್ದಿ.

ಆದರೆ ಅವನು ಹೇಳಿದ ಒಂದು ಮಾತನ್ನು ಟೀಚರಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದರು. ಆರು ವರ್ಷ ತುಂಬುವುದರೊಳಗೆ ಮಗುವಿನ ಮಿದುಳಿನ ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಭಾಗ ಆಗಿಬಿಟ್ಟಿರುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿದೆ. ಅರಳಿಕಟ್ಟೆಯ ಮೇಲೆ ಅದನ್ನು ಅವರು ಹೀಗೆ ವಿವರಿಸಿದರು: “ಎಂಬತ್ತೈದು ನನ್ನ ಹತ್ರ ಇರುವಾಗ್ಲೇ ಆಗೋಗುತ್ತೆ. ಉಳಿದ ಹದಿನೈದರಲ್ಲಿ ಓದು, ಮದುವೆ, ಜಮೀನು ವ್ಯಾಜ್ಯ, ಎಲೆಕ್ಷನ್ನು ಎಲ್ಲಾ ನಡೀಬೇಕು. ಊರು ಹಿಂಗಿರೋದು ಯಾಕೆ ಅಂತ ಈಗ ಗೊತ್ತಾಯ್ತಾ?” ಪಂಚಾಯ್ತಿ ಅಧ್ಯಕ್ಷ ಒಳ್ಳೆಯ ಕೆಲಸ ಮಾಡಿದರೆ ಅದು ಎಂಬತ್ತೈದರ ಫಲ. ಎಡವಟ್ಟು ಮಾಡಿದರೆ ಹದಿನೈದರದ್ದು. ಅದಕ್ಕೆ ಟೀಚರಮ್ಮ ಜವಾಬ್ದಾರರಲ್ಲ.

ಸುದ್ದಿ, ಸುತ್ತೋಲೆ ಎಲ್ಲ ಬರುವುದು ಮೊಬೈಲಿನ ಗ್ರೂಪಿಗೆ. ಸೂಪರ್‌ವೈಸರ್ ಮೇಡಂ ಹಾಕುವ ಸಂದೇಶಗಳನ್ನು ಟೀಚರಮ್ಮ ಮೂರು ದರ್ಜೆಯಾಗಿ ವಿಂಗಡಿಸಿದ್ದಾರೆ. ‘ಅರ್ಜೆಂಟ್’ ಎಂದಿದ್ದರೆ ವಾರದೊಳಗೆ ಕಳಿಸಿದರೆ ನಡೆಯುತ್ತದೆ. ‘ತುಂಬಾ ಅರ್ಜೆಂಟ್’ ಎಂದಿದ್ದರೆ ನಾಳೆ. ಏನೂ ಬರೆಯದೆ ಫೋನೇ ಬಂದರೆ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ತಪಾಸಣೆಗೆ ಹೊರಟಾಗಿದೆ ಎಂದರ್ಥ. ‘ಇಂದು ಸಂಜೆ 5ರ ಒಳಗೆ’ ಎಂಬ ಸಂದೇಶ ನಮ್ಮೂರಿನ ನೆಟ್‌ವರ್ಕ್ ಹಿಡಿದು ಬರುವಾಗ ಐದೂ ಮುಕ್ಕಾಲು. ಆದರೂ ಕ್ಷಣದಲ್ಲಿ ಇಪ್ಪತ್ತೇಳು ಮಂದಿ ‘ಓಕೆ ಮೇಡಂ’ ಹಾಕುತ್ತಾರೆ.

ಮಾಡಿದರೆ ಸಾಲದು, ಫೋಟೋ ಬೇಕು. ಮಗು ಉಂಡ ಫೋಟೋ, ತೂಗಿದ ಫೋಟೋ, ಕೈತೋಟದಲ್ಲಿ ನುಗ್ಗೆ ಸಸಿ ನೆಟ್ಟ ಫೋಟೋ. ಮುಂದಿನ ವರ್ಷಕ್ಕೆ ಅದೇ ನುಗ್ಗೆಯ ಪಕ್ಕದಲ್ಲಿ ಇನ್ನೊಂದು ಫೋಟೋ. ಬ್ಯಾನರಿನ ಇಸವಿಯ ಮೇಲೆ ಮಾತ್ರ ಬಿಳಿ ಕಾಗದ ಅಂಟಿಸಿರುತ್ತದೆ. ಸೆಪ್ಟೆಂಬರಿನ ಪೋಷಣ್ ಮಾಸಾಚರಣೆಗೆ ತರಕಾರಿಗಳಲ್ಲೇ ರಂಗೋಲಿ ಬಿಡಿಸುತ್ತಾರೆ. ಗಜ್ಜರಿಯ ಸೂರ್ಯ, ಬೀನ್ಸಿನ ಕಿರಣ, ಬದನೆಕಾಯಿ ನವಿಲು. ಫೋಟೋ ಮೇಲೆ ಹೋದ ಮರುಗಳಿಗೆ ಸಹಾಯಕಿ ಈಳಿಗೆಮಣೆ ಹಿಡಿದು ಬರುತ್ತಾರೆ. ಸೂರ್ಯ, ನವಿಲು ಸಮೇತ ಸಾಂಬಾರಾಗುತ್ತದೆ.

ಈಗ ಮುಖವನ್ನೂ ಗುರುತು ಹಿಡಿಯಬೇಕು. ಗರ್ಭಿಣಿಗೆ, ಬಾಣಂತಿಗೆ ಮನೆಗೊಯ್ಯುವ ಆಹಾರ ಕೊಡುವಾಗ ಆ್ಯಪು ಆಕೆಯ ಮುಖ ನೋಡಿ ಹೌದೆನ್ನಬೇಕು, ಕಣ್ಣು ಮಿಟುಕಿಸಿದರೆ ಮಾತ್ರ ಜೀವಂತ ಮನುಷ್ಯಳೆಂದು ನಂಬಬೇಕು. ನಮ್ಮೂರಲ್ಲಿ ಸಿಗ್ನಲ್ ಸಿಗುವುದು ಓವರ್‌ಹೆಡ್ ಟ್ಯಾಂಕಿನ ಕೆಳಗೆ. ಅಲ್ಲಿ ಹೊಸದಾಗಿ ಬಂದ ಸೊಸೆಯನ್ನು ನಿಲ್ಲಿಸಿ ಟೀಚರಮ್ಮ ಗಟ್ಟಿಯಾಗಿ, “ಕಣ್ಣು ಹೊಡಿಯವ್ವಾ, ಇನ್ನೊಂದ್ಸಲ ಹೊಡಿ” ಎಂದರು. ಸೊಸೆ ಸೆರಗು ಕಚ್ಚಿಕೊಂಡಳು. ಎದುರಿಗೆ ಮಾವ ನಿಂತಿದ್ದ. ದಾರಿಯಲ್ಲಿ ಹೋಗುತ್ತಿದ್ದ ಮುದುಕನೊಬ್ಬ ತನಗೇ ಹೇಳಿದ್ದೆಂದು ತಿಳಿದು ಟೀಚರಮ್ಮನಿಗೆ ಕಣ್ಣು ಹೊಡೆದ. ಆ್ಯಪು ಅವನನ್ನು ಫಲಾನುಭವಿ ಎಂದು ಒಪ್ಪಲಿಲ್ಲ. ಸೊಸೆಗೆ ಮೂರನೇ ದಿನ ದಕ್ಕಿತು.

ಟೀಚರಮ್ಮನ ದೊಡ್ಡ ಎದುರಾಳಿ ಎಂದರೆ ಹಳದಿ ವ್ಯಾನು. ಪಕ್ಕದ ಪಟ್ಟಣದ ಕಾನ್ವೆಂಟಿನದು. ಮೂರು ವರ್ಷದ ಮಕ್ಕಳಿಗೆ ಟೈ ಕಟ್ಟಿ ತುಂಬಿಕೊಂಡು ಹೋಗುತ್ತದೆ. ಮೊನ್ನೆ ಒಬ್ಬ ತಾಯಿ ಬಂದು ಕೇಳಿದಳು:

“ಟೀಚರಮ್ಮಾ, ನೀವು ಹೋಂವರ್ಕೇ ಕೊಡಲ್ಲವಲ್ಲ?”

“ಕೊಡ್ತೀನಿ ತಗೊ. ಇವತ್ತು ರಾತ್ರಿ ಮಗೂಗೆ ಒಂದು ಕತೆ ಹೇಳು. ನಾಳೆ ಬಂದು ನನಗೊಪ್ಪಿಸು.”

ಹೋಂವರ್ಕು ತನಗೇ ಎಂದು ಗೊತ್ತಾದಾಗ ತಾಯಿ ತಬ್ಬಿಬ್ಬಾದಳು. ಮಾರನೇ ದಿನ ಕತೆ ಅರ್ಧಕ್ಕೆ ಮರೆತುಹೋಯಿತೆಂದು ಬಾಗಿಲಲ್ಲೇ ನಿಂತಳು. ಮಗುವೇ ಮುಂದೆ ಬಂದು ಉಳಿದರ್ಧ ಹೇಳಿ ಅಮ್ಮನನ್ನು ಪಾಸು ಮಾಡಿಸಿತು. ಹಾಡು, ಮಣ್ಣಾಟ, ಕತೆ ಇವೇ ಈ ವಯಸ್ಸಿನ ಪಾಠವೆಂದು ಇಲಾಖೆಯ ‘ಚಿಲಿಪಿಲಿ’ ಪುಸ್ತಕ ಹೇಳುವುದು. ಪುಸ್ತಕ ಬರುವ ಮುಂಚೆಯೂ ಟೀಚರಮ್ಮ ಮಾಡುತ್ತಿದ್ದದ್ದು ಅದನ್ನೇ. ಇನ್ನು ಮೊಟ್ಟೆ ಕೊಡುವ ದಿನ ವ್ಯಾನು ಹತ್ತುವ ಮಕ್ಕಳಲ್ಲೂ ಒಂದೆರಡಕ್ಕೆ ಹೊಟ್ಟೆನೋವು ಬಂದು, ಮಧ್ಯಾಹ್ನ ಅಂಗನವಾಡಿಯ ಸಾಲಿನಲ್ಲಿ ಗುಣವಾಗುತ್ತದೆ.

ಕಳೆದ ಗ್ರಾಮಸಭೆಯನ್ನು ಮಾತ್ರ ಊರು ಮರೆಯುವುದಿಲ್ಲ. ಚರಂಡಿಯ ವಿಷಯಕ್ಕೆ ಎರಡು ಬೀದಿಯವರು ಜಟಾಪಟಿಗೆ ಬಿದ್ದರು. ಕುರ್ಚಿ ಎದ್ದವು. ಹೊರಗಿನಿಂದ ಬಂದಿದ್ದ ನೋಡಲ್ ಅಧಿಕಾರಿ ಮೇಜು ಕುಟ್ಟಿ ಕುಟ್ಟಿ ಸೋತರು. ಹಿಂದಿನ ಸಾಲಿನಲ್ಲಿ ಮಲಗಿದ್ದ ಮಗುವೊಂದನ್ನು ತಟ್ಟುತ್ತಿದ್ದ ಟೀಚರಮ್ಮ ಎದ್ದರು.

“ಎಲ್ರೂ ಕೈ ಕಟ್ಟಿ. ಬಾಯ್ ಮೇಲೆ ಬೆರಳು!”

ಯಾರೂ ಯೋಚಿಸಲಿಲ್ಲ. ಮೂವತ್ತು ವರ್ಷದ ಹಿಂದಿನ ಅಪ್ಪಣೆ ನೇರ ಕೈಗೇ ಹೋಯಿತು, ತಲೆಗೆ ಹೋಗಲಿಲ್ಲ. ಅಧ್ಯಕ್ಷನ ತುಟಿಯ ಮೇಲೆ ಬೆರಳು, ಡೇರಿ ಸೆಕ್ರೆಟರಿಯ ತುಟಿಯ ಮೇಲೆ ಬೆರಳು. ನಮ್ಮೂರಿಗೆ ಸಂಬಂಧವೇ ಇಲ್ಲದ ನೋಡಲ್ ಅಧಿಕಾರಿಯ ತುಟಿಯ ಮೇಲೂ ಬೆರಳು. ಯಾವೂರ ಅಂಗನವಾಡಿಯ ಫಸಲೋ ಪಾಪ. ಆ ನಿಶ್ಶಬ್ದದಲ್ಲಿ ಟೀಚರಮ್ಮ ಅಂಗನವಾಡಿ ಶೌಚಾಲಯಕ್ಕೆ ಬಾಗಿಲು ಬೇಕೆಂದರು. ಬಾಯಿ ಮುಚ್ಚಿದ್ದವರು ವಿರೋಧಿಸುವುದು ಹೇಗೆ? ಠರಾವು ಸರ್ವಾನುಮತದಿಂದ ಪಾಸಾಯಿತು.

ಬರುವ ವರ್ಷ ಟೀಚರಮ್ಮನಿಗೆ ನಿವೃತ್ತಿ. ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು 2022ರ ಏಪ್ರಿಲ್‌ನಲ್ಲಿ ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ. “ಜಡ್ಜುಗಳೂ ಚಿಕ್ಕೋರಿದ್ದಾಗ ಯಾರೋ ಒಬ್ಬಳು ಮೂಗು ಒರೆಸಿರ್ತಾಳೆ, ನೆನಪಿಟ್ಕೊಂಡವ್ರೆ” ಎಂದರು.

ಬೆಂಗಳೂರಿನಲ್ಲಿ ನನ್ನ ಮಗಳನ್ನು ಪ್ಲೇಸ್ಕೂಲಿಗೆ ಸೇರಿಸಿದಾಗ ಹೆತ್ತವರಿಗೆಲ್ಲ ಎ.ಸಿ. ಹಾಲಿನಲ್ಲಿ ಒಂದು ಗಂಟೆ ತರಬೇತಿ ಕೊಟ್ಟರು. ಮಗುವಿಗೆ ಆಟವೇ ಪಾಠ, ದಿನಾ ಕತೆ ಹೇಳಿ, ಗದರಬೇಡಿ, ಊಟಕ್ಕೆ ಮುಂಚೆ ಕೈ ತೊಳೆಸಿ. ಊರಿಗೆ ಫೋನ್ ಮಾಡಿ ಟೀಚರಮ್ಮನಿಗೆ ಎಲ್ಲ ಒಪ್ಪಿಸಿದೆ. ಫೀಸು ಎಷ್ಟೆಂದರು, ಹೇಳಿದೆ. ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಸಿಗ್ನಲ್ ಹೋಯಿತೇನೋ ಅಂದುಕೊಂಡೆ.

“ಇಷ್ಟನ್ನೇ ನಾನು ಮೂರು ದಿನ ಕಲ್ತಿದ್ದು ಕಣಪ್ಪ. ನಮಗೆ ಮೇಲೆ ಊಟಾನೂ ಹಾಕಿದ್ರು.”

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಹಬ್ಬಕ್ಕೆ ಊರಿಗೆ ಹೋದಾಗ ನಿಮ್ಮ ಟೀಚರಮ್ಮ ಎದುರಾದರೆ ಹುದ್ದೆ, ಕಾರು, ಸೈಟಿನ ಸಮಾಚಾರ ತೆಗೆಯಬೇಡಿ. ಅವರು ಕೇಳುವುದು ಒಂದೇ ಪ್ರಶ್ನೆ. ಮೊದಲೇ ತೊಳೆದುಕೊಂಡು ಹೋಗಿ.