ಬೇಡಿಕೆಯ ಶಾಸ್ತ್ರಕ್ಕೆ ಬೇಡಿಕೆಯಿತ್ತೇ? – ಒಂದು ಘನ ಸಂಶೋಧನೆ

ಬೇಡಿಕೆಯಿದ್ದಲ್ಲಿಗೆ ಪೂರೈಕೆ ತಾನಾಗಿ ಬರುತ್ತದೆಂದು ಬೋಧಿಸುವ ಅರ್ಥಶಾಸ್ತ್ರವು ಯಾರೂ ಕರೆಯದೆ ವಿಶ್ವವಿದ್ಯಾಲಯದೊಳಗೆ ಹೇಗೆ ಬಂದಿತು? ಈ ಜಟಿಲ ಪ್ರಶ್ನೆಯನ್ನು ವಿದ್ವಾಂಸರಾರೂ ಕೈಗೆತ್ತಿಕೊಂಡಿಲ್ಲ. (ಎತ್ತಿಕೊಂಡಿದ್ದರೂ ನಾವು ಓದಿಲ್ಲ, ಓದದ್ದನ್ನು 'ಇಲ್ಲ' ಎನ್ನುವುದು ಸಂಶೋಧಕರ ರೂಢಿ.)

ವಿದ್ಯಾರ್ಥಿಗಳು ಕೇಳಿದರು, ವಿಶ್ವವಿದ್ಯಾಲಯಗಳು ಕೊಟ್ಟವು ಎಂಬುದು ಪೂರ್ವಪಕ್ಷ. ಇದು ನಿಲ್ಲುವುದಿಲ್ಲ. 1727ರಲ್ಲಿ ಪ್ರಷ್ಯದ ದೊರೆ ಮೊದಲನೇ ಫ್ರೆಡರಿಕ್ ವಿಲಿಯಂ, ಹಾಲೆಯಲ್ಲೂ ಓಡರ್ ದಂಡೆಯ ಫ್ರಾಂಕ್‌ಫರ್ಟ್‌ನಲ್ಲೂ ಬೊಕ್ಕಸ ನಡೆಸುವ ವಿದ್ಯೆಗೆ ಪೀಠ ಹಾಕಿಸಿದ್ದು ಹುಡುಗರು ಗೋಗರೆದರೆಂದಲ್ಲ. ಲೆಕ್ಕ ಬಲ್ಲ ಅಧಿಕಾರಿಗಳು ದೊರೆಗೇ ಬೇಕಿದ್ದರು. 1754ರಲ್ಲಿ ನೇಪಲ್ಸ್‌ನ ಜೆನೊವೇಸಿಗೆ ಪೀಠ ಸಿಕ್ಕಿದ್ದು ಇಂಟಿಯೇರಿ ಎಂಬವರ ಕೈಗಂಟಿನಿಂದ. ಪಾಠ ಲ್ಯಾಟಿನ್ನಿನಲ್ಲಿ ಬೇಡ, ಇಟಾಲಿಯನ್ನಿನಲ್ಲಿರಲಿ ಎಂಬುದು ದಾನಿಯ ಷರತ್ತು. ಪಾಠ ಕೇಳಿದವರಿಗೆ ತಿಳಿಯಲಿ ಎಂಬ ಈ ವಿಚಿತ್ರ ಹಂಬಲ ಈ ಶಾಸ್ತ್ರದ ಮುಂದಿನ ಚರಿತ್ರೆಯಲ್ಲಿ ಅಪರೂಪ. 1805ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಕಾಲೇಜಿಗೆ ಈ ಶಾಸ್ತ್ರ ಹೇಳಲು ಮಾಲ್ಥಸ್ಸರನ್ನು ನೇಮಿಸಿಕೊಂಡಿತು. ಅವರೆದುರು ಕೂತವರು ಇಂಡಿಯಾದಲ್ಲಿ ಕಂದಾಯ ಎತ್ತಲು ಹಡಗು ಹತ್ತಲಿದ್ದ ಹುಡುಗರು. ಕಂದಾಯ ಕಟ್ಟುವವರನ್ನು ಯಾರೂ ಕೇಳಲಿಲ್ಲ. 1825ರಲ್ಲಿ ಆಕ್ಸ್‌ಫರ್ಡಿಗೂ ಪೀಠ ಬಂತು, ಡ್ರಮಂಡ್ ಎಂಬ ಬ್ಯಾಂಕಿನವರ ದಾನವಾಗಿ.

ಇನ್ನು ಕೇಂಬ್ರಿಜ್. 1885ರಲ್ಲಿ ಆಲ್ಫ್ರೆಡ್ ಮಾರ್ಷಲ್ಲರು ಪ್ರಾಧ್ಯಾಪಕರಾಗಿ ಬಂದಾಗ ಅರ್ಥಶಾಸ್ತ್ರವು ನೀತಿಶಾಸ್ತ್ರದ ಮನೆಯ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಮಲಗಿತ್ತು. ಅದಕ್ಕೆ ಬೇರೆ ಮನೆ, ಅಂದರೆ ತನ್ನದೇ ಪದವಿ ಪರೀಕ್ಷೆ, ಮಾಡಿಸಿಕೊಡಲು ಅವರಿಗೆ ಹದಿನೆಂಟು ವರ್ಷ ಹಿಡಿಯಿತು: 1903. ಮನೆಯೇನೋ ಆಯಿತು, ಒಲೆಗೆ ಸೌದೆ? ಕಿರಿಯ ಉಪನ್ಯಾಸಕರಿಗೆ ಕೊಡಲು ಹಣವಿಲ್ಲದೆ ಮಾರ್ಷಲ್ಲರು ತಮ್ಮ ಜೇಬಿನಿಂದಲೇ ಕೊಟ್ಟರು. ಕೂಲಿಯನ್ನು ಮಾರುಕಟ್ಟೆ ನಿರ್ಧರಿಸುತ್ತದೆಂಬ ನಿಯಮಕ್ಕೆ ಇದು ಅಪವಾದವಲ್ಲವೇ ಎಂದು ಆಕ್ಷೇಪಿಸಿದರೆ, ಅಲ್ಲ. ಮಾರುಕಟ್ಟೆ ನಿರ್ಧರಿಸಿದ ಕೂಲಿ ಸೊನ್ನೆಯಾಗಿತ್ತು, ಅಷ್ಟೆ.

ಆದ್ದರಿಂದ ನಮ್ಮ ಸಿದ್ಧಾಂತ ಇದು: 'ಬೇಡಿಕೆ' ಶಬ್ದವು 'ಬೇಡು' ಧಾತುವಿನಿಂದ ಬಂದದ್ದು. ಬೇಡಿಕೆ ಯಾವಾಗಲೂ ಇತ್ತು. ಬೇಡಿದವರು ಪ್ರಾಧ್ಯಾಪಕರು, ಬೇಡಿದ್ದು ಸಂಬಳ. ಇಂಗ್ಲಿಷರ ಭಾಷೆಯಲ್ಲಿ ಈ ಧಾತುವಿಲ್ಲದ ಕಾರಣ ಮಾರ್ಷಲ್ಲರಿಗೆ ಇದು ಹೊಳೆಯಲಿಲ್ಲ.

ಉದಾಹರಣೆಗೆ ಅರ್ಥಶಾಸ್ತ್ರಜ್ಞ ಕೀನ್ಸ್. ಈ ಮಹಾಶಯರು ಪಾಸಾದದ್ದು ಗಣಿತದಲ್ಲಿ. ಅರ್ಥಶಾಸ್ತ್ರದ ಪದವಿ ಅವರ ಬಳಿ ಇರಲೇ ಇಲ್ಲ. 1908ರಲ್ಲಿ ಮಾರ್ಷಲ್ಲರ ಪೀಠಕ್ಕೆ ಬಂದ ಪಿಗು ಅವರು ಗುರುವಿನ ಪದ್ಧತಿಯನ್ನೇ ಪಾಲಿಸಿ, ವರ್ಷಕ್ಕೆ 100 ಪೌಂಡು ಸ್ವಂತ ಹಣ ಕೊಟ್ಟು ಕೀನ್ಸರಿಂದ ಪಾಠ ಹೇಳಿಸಿದರು. ಅದಕ್ಕೆ ಮುಂಚೆ ಕೀನ್ಸ್ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ನೌಕರಿಗಿದ್ದರು. ಅಲ್ಲಿ ಮೊದಲಿಗೆ ಅವರ ಪಾಲಿಗೆ ಬಂದ ಘನಕಾರ್ಯ ಹತ್ತು ಏರ್‌ಶೈರ್ ಹೋರಿಗಳನ್ನು ಹಡಗು ಹತ್ತಿಸಿ ಬೊಂಬಾಯಿಗೆ ಕಳಿಸುವುದು. ಈ ಇಡೀ ಚರಿತ್ರೆಯಲ್ಲಿ ಯಾರೋ ನಿಜವಾಗಿ ಬೇಕೆಂದು ತರಿಸಿಕೊಂಡಂತೆ ಕಾಣುವುದು ಆ ಹತ್ತು ಹೋರಿಗಳನ್ನು ಮಾತ್ರ.